ಇನರ್ಟ್ ಎಂಬ ಪದವನ್ನು ನಾವು ಕಲಿತ ಬಗೆ

ಔಷಧದ ಫ್ಯಾಕ್ಟರಿಗೆ ಹೊಸದಾಗಿ ಸೇರುವವರಿಗೆ ಮೊದಲ ದಿನ ಶೂ ಕೊಡುತ್ತಾರೆ, ಹೆಲ್ಮೆಟ್ಟು ಕೊಡುತ್ತಾರೆ, ಆಮೇಲೆ ಒಂದು ಹಾಳೆ ಕೊಡುತ್ತಾರೆ. ಶೂ ಕಚ್ಚಿದರೆ ಬದಲಾಯಿಸಿಕೊಡುತ್ತಾರೆ. ಹೆಲ್ಮೆಟ್ಟಿನ ಪಟ್ಟಿಯನ್ನು ತಲೆಗೆ ತಕ್ಕಂತೆ ಬಿಗಿ ಮಾಡಿಕೊಳ್ಳಬಹುದು. ಹಾಳೆಯನ್ನು ಮಾತ್ರ ಇದ್ದದ್ದು ಇದ್ದ ಹಾಗೇ ತಲೆಗೆ ತುಂಬಿಕೊಳ್ಳಬೇಕು. ಅದರ ಎಡಗಡೆ ಇಂಗ್ಲಿಷ್ ಪದಗಳು, ಬಲಗಡೆ ಅವುಗಳ ಅರ್ಥ. ಅರ್ಥವೂ ಇಂಗ್ಲಿಷಿನಲ್ಲೇ.

ನಾನು ಈಗ ರಿಟೈರ್ ಆಗಿ ಮನೆಯಲ್ಲಿದ್ದೇನೆ. ದಾಬಸ್‌ಪೇಟೆ ಕಡೆ ಇಂಥ ಫ್ಯಾಕ್ಟರಿಗಳಿಗೆ ಸೇರುವ ಹುಡುಗ ಹುಡುಗಿಯರು ನಮ್ಮೂರಲ್ಲೂ ಬೇಕಾದಷ್ಟಿದ್ದಾರೆ. ಸಂಬಳ ಯಾವತ್ತು ಆಗುತ್ತೆ, ಕಂಪನಿ ಬಸ್ಸು ಎಲ್ಲಿ ನಿಲ್ಲುತ್ತೆ, ಓವರ್‌ಟೈಮ್ ಉಂಟಾ ಅಂತ ಕೇಳಿಕೊಂಡು ಬರುತ್ತಾರೆ. ಹಾಳೆಯ ವಿಚಾರ ಯಾರೂ ಕೇಳುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಆ ಹಾಳೆಯಲ್ಲಿದ್ದ ಒಂದು ಪದದ ಅರ್ಥವನ್ನು ಚೆನ್ನಾಗಿ ಬಾಯಿಪಾಠ ಮಾಡಿದ್ದ ಒಬ್ಬ ಮನುಷ್ಯ ಆ ಪದದಿಂದಲೇ ಪ್ರಾಣ ಕಳೆದುಕೊಂಡ. ಅವನ ಹೆಸರು ಮುನಿರಾಜು. ಇನ್ನೊಬ್ಬರು ಹಾಗೆ ಹೋಗಬಾರದು. ನಾನು ಹೇಳಬೇಕಾಗಿರುವುದು ಅಷ್ಟೇ. ನನ್ನ ಪ್ರಮೋಷನ್ನು, ಸನ್ಮಾನ, ಹೊದಿಸಿದ ಶಾಲು, ಇವೆಲ್ಲ ನಿಮಗೆ ಬೇಕಿಲ್ಲ.

ನನ್ನ ಹೆಸರು ಹನುಮಂತ, ಸಾಸಲು ಹೋಬಳಿಯವನು. ಓದಿದ್ದು ಏಳನೇ ಕ್ಲಾಸು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ದೊಡ್ಡಬಳ್ಳಾಪುರದಲ್ಲಿ ನಮ್ಮ ಸೋದರಮಾವನ ರೇಷ್ಮೆ ಮಗ್ಗಗಳಿದ್ದವು, ಅಲ್ಲಿ ಕೆಲಸಕ್ಕೆ ಕೂತೆ. ಕರೆಂಟಿನ ಮಗ್ಗದ ಸದ್ದಿನಲ್ಲೇ ಮೀಸೆ ಬಂತು. ಆಮೇಲೆ ಫ್ಯಾಕ್ಟರಿಗೆ ಹೆಲ್ಪರ್ ಆಗಿ ಸೇರಿದೆ. ಡ್ರಮ್ಮು ಉರುಳಿಸಿದೆ, ನೆಲ ತೊಳೆದೆ, ಕೊನೆಗೆ ರಿಯಾಕ್ಟರ್ ನಡೆಸುವ ಆಪರೇಟರ್ ಆದೆ. ರಿಯಾಕ್ಟರ್ ಅಂದರೆ ಔಷಧದ ಪುಡಿಗೆ ಬೇಕಾದ ರಸಾಯನಗಳನ್ನು ಬೆರೆಸಿ ಬೇಯಿಸುವ ದೊಡ್ಡ ಮುಚ್ಚಿದ ಟ್ಯಾಂಕು. ನನ್ನ ಟ್ಯಾಂಕಿನಲ್ಲಿ ಒಂದು ಬ್ಯಾಚೂ ಕೆಟ್ಟಿಲ್ಲ. ಇದನ್ನು ಜಂಬ ಅನ್ನುವವರು ಅನ್ನಲಿ. ಓದಿ ಬಂದವರು ಸರ್ಟಿಫಿಕೇಟು ತೋರಿಸುತ್ತಾರೆ, ನಾನು ನನ್ನ ಬ್ಯಾಚುಗಳನ್ನು ತೋರಿಸುತ್ತೇನೆ.

ಏಳನೇ ಕ್ಲಾಸಿನವನಿಗೆ ಆ ಇಂಗ್ಲಿಷ್ ಹಾಳೆ ಹೇಗೆ ಬಾಯಿಗೆ ಬಂತು ಅಂತ ಕೇಳುತ್ತೀರಿ. ಓದಿ ಬಂದದ್ದಲ್ಲ, ಕೇಳಿ ಬಂದದ್ದು. ನಮ್ಮ ಹಳೇ ಟ್ರೈನಿಂಗ್ ಸಾಹೇಬರು ಒಬ್ಬರಿದ್ದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಗುಂಪಲ್ಲಿ ಹೇಳಿಸುತ್ತಿದ್ದರು. ಅವರು ಪದ ಹೇಳುವುದು, ನಾವು ಅರ್ಥ ಕೂಗುವುದು. ಡೀವಿಯೇಷನ್, ಕಂಟಾಮಿನೇಷನ್, ಕ್ಯಾಲಿಬ್ರೇಷನ್, ಹೈಗ್ರೋಸ್ಕೋಪಿಕ್. ಬೆಳಗಿನ ಶಿಫ್ಟಿನವರು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಗೌನ್ ಹಾಕಿಕೊಳ್ಳುತ್ತಾ, ಟೋಪಿಯೊಳಗೆ ಕೂದಲು ಸೇರಿಸುತ್ತಾ ಅದನ್ನೇ ಗುನುಗುತ್ತಿದ್ದರು. ಹೊರಗಿನಿಂದ ಕೇಳಿದವರಿಗೆ ಯಾವುದೋ ಮಠದ ಪಾಠಶಾಲೆ ಅನಿಸಬೇಕು. ತಪ್ಪು ಹೇಳಿದವನು ಕ್ಯಾಂಟೀನಿಗೆ ಎಲ್ಲರಿಗಿಂತ ಕೊನೆಗೆ ಹೋಗಬೇಕು, ಅಷ್ಟು ಹೊತ್ತಿಗೆ ಪಲ್ಯ ಮುಗಿದಿರುತ್ತಿತ್ತು. ನಾನು ಯಾವತ್ತೂ ಕೊನೆಗೆ ಹೋದವನಲ್ಲ.

ಇಷ್ಟೆಲ್ಲ ಯಾಕೆ ಅಂದರೆ ಆಡಿಟ್ಟಿಗೆ. ನಾವು ಮಾಡುವ ಪುಡಿ ಹೊರದೇಶಕ್ಕೆ ಹೋಗುತ್ತದೆ. ಕೊಳ್ಳುವವರು ಬಂದು ಫ್ಯಾಕ್ಟರಿ ನೋಡುತ್ತಾರೆ, ಕೆಲಸದವರನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಒಬ್ಬ ತಡವರಿಸಿದರೆ ಇಡೀ ಫ್ಯಾಕ್ಟರಿಗೆ ಕೆಟ್ಟ ಹೆಸರು.

ಒಂದು ಸಾರಿ ಬಂದವರು ಇಲಿಯಾಸನನ್ನು ನಿಲ್ಲಿಸಿದರು. ಇಲಿಯಾಸ್ ನೆಲಮಂಗಲದವನು, ನನ್ನ ಪಕ್ಕದ ರಿಯಾಕ್ಟರಿನ ಆಪರೇಟರು. ಮನೆಯಲ್ಲಿ ದಖನಿ ಉರ್ದು, ಹೊರಗೆ ನಮ್ಮೆಲ್ಲರಿಗಿಂತ ಚುರುಕಾದ ಕನ್ನಡ. ಕಂಟಾಮಿನೇಷನ್ ಅಂದರೇನು ಅಂತ ಕೇಳಿದರು. ಇಲಿಯಾಸ್ ಒಂದೇ ಉಸಿರಿಗೆ ಅರ್ಥ ಒಪ್ಪಿಸಿದ. ಬಂದವರು ತಲೆಯಾಡಿಸಿ, ಸರಿ, ಹಾಗಾದರೆ ಈ ಕೋಣೆಯಲ್ಲಿ ಅದು ಎಲ್ಲಿಂದ ಬರಬಹುದು, ಕೈ ಮಾಡಿ ತೋರಿಸು ಅಂದರು. ನಮ್ಮ ಮ್ಯಾನೇಜರು ಅದನ್ನು ಕನ್ನಡದಲ್ಲಿ ಹೇಳಿದರು. ಇಲಿಯಾಸ್ ಅದೇ ಅರ್ಥವನ್ನು ಇನ್ನೊಂದು ಸಾರಿ ಒಪ್ಪಿಸಿದ, ಸ್ವಲ್ಪ ಜೋರಾಗಿ. ಅವರು ಮತ್ತೆ ಕೇಳಿದರು. ಇವನು ಮತ್ತೆ ಒಪ್ಪಿಸಿದ, ಇನ್ನೂ ಜೋರಾಗಿ. ಮ್ಯಾನೇಜರು ಕರವಸ್ತ್ರ ತೆಗೆದರು.

ಕ್ಯಾಂಟೀನಿನಲ್ಲಿ ಮುನಿರಾಜು ಬಿಡಲಿಲ್ಲ. "ಲೇ ಇಲಿಯಾಸು, ಆವಯ್ಯ ಕಿವುಡ ಅಂದ್ಕೊಂಡ್ಯೇನ್ಲಾ?"

"ಇನ್ನೇನ್ ಮಾಡ್ಲಿ ಗುರು. ನನ್ ಹತ್ರ ಇದ್ದಿದ್ದು ಅದೊಂದೇ. ಇದ್ದಿದ್ದನ್ನೇ ಮೂರು ಸಾರಿ ಬಡಿಸ್ದೆ."

ನಕ್ಕೆವು. ನಗುವಂಥದ್ದೇ ಆಗಿತ್ತು. ಆದರೆ ಹೊಸಬರು ಗಮನಿಸಬೇಕಾದದ್ದು ಇಷ್ಟು: ಅವನಿಗೆ ಕಂಟಾಮಿನೇಷನ್ ಗೊತ್ತಿತ್ತು. ಒಂದು ಪುಡಿ ಇನ್ನೊಂದಕ್ಕೆ ಸೇರಬಾರದು ಅಂತ ಅವನು ಚಮಚ, ಕೈಗವಸು, ನೆಲದ ಬಟ್ಟೆ ಎಲ್ಲ ಬೇರೆ ಬೇರೆ ಇಡುತ್ತಿದ್ದ, ನಮ್ಮೆಲ್ಲರಿಗಿಂತ ಶಿಸ್ತಾಗಿ. ಕೈಗೆ ಗೊತ್ತಿದ್ದದ್ದು ಒಂದು ಕಡೆ ಇತ್ತು, ಬಾಯಿಗೆ ಬರುತ್ತಿದ್ದದ್ದು ಇನ್ನೊಂದು ಕಡೆ.

ಇದು ಸಾಹೇಬರಿಗೆ ತಿಳಿಯಲಿಲ್ಲ, ನಮಗೆ ಒಳಗೊಳಗೇ ತಿಳಿದಿತ್ತು. ಅದಕ್ಕೇ ನಾವು ನಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಪ್ರತಿಯೊಂದು ಪದಕ್ಕೂ ಒಬ್ಬ ಮನುಷ್ಯನ ಹೆಸರು ಅಂಟಿಸುವುದು. ಯಾವ ಪದದಿಂದ ಯಾರಿಗೆ ಏನಾಯಿತೋ ಆ ಪದ ಅವನದು. ಕೊರೋಸಿವ್ ಅಂದರೆ ಕೊರೆದು ತಿನ್ನುವಂಥದ್ದು. ಆಸಿಡ್ ಚೆಲ್ಲಿ ಶೂ ತೂತಾದದ್ದು ಸ್ಟೋರಿನ ಶಿವಣ್ಣನದು, ಹಾಗಾಗಿ ಕೊರೋಸಿವ್ ಅಂದರೆ ಶಿವಣ್ಣ. ಹೈಗ್ರೋಸ್ಕೋಪಿಕ್ ಅಂದರೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವಂಥದ್ದು. ಮಳೆಗಾಲದಲ್ಲಿ ಪುಡಿಯ ಡ್ರಮ್ಮಿಗೆ ಮುಚ್ಚಳ ಹಾಕದೆ ಚಹಾಕ್ಕೆ ಹೋಗಿ, ಬರುವಷ್ಟರಲ್ಲಿ ಪುಡಿಯೆಲ್ಲ ಬೆಲ್ಲದ ಉಂಡೆ ಹಾಗೆ ಆಗಿದ್ದು ಇಲಿಯಾಸನದು. "ಹೈಗ್ರೋಸ್ಕೋಪಿಕ್ ಚಹಾ ಕುಡಿಯಕ್ಕೆ ಹೋಗಿದೆ, ಬರುತ್ತೆ ಇರಿ" ಅಂತ ಅವನನ್ನು ರೇಗಿಸುತ್ತಿದ್ದರು. ಸ್ಟ್ಯಾಟಿಕ್ ಅಂದರೆ ಉಜ್ಜುವುದರಿಂದ ಹುಟ್ಟುವ ಕರೆಂಟು. ಅದು ನನ್ನ ಪಾಲಿಗೆ ಬಂತು, ತಪ್ಪಿನಿಂದಲ್ಲ. ಒಣಹವೆಯಲ್ಲಿ ರೇಷ್ಮೆ ಎಳೆ ಹೇಗೆ ಕೈಗೆ, ಮೈಕೂದಲಿಗೆ ಅಂಟುತ್ತೆ ಅಂತ ಮಗ್ಗದ ಕಥೆ ಹೇಳಿ ಹೇಳಿ ಎಲ್ಲರಿಗೂ ಬೇಸರ ತರಿಸಿದ್ದೆ. ಡೀವಿಯೇಷನ್ ಅಂದರೆ ನಿಯಮ ಬಿಟ್ಟು ನಡೆಯುವುದು. ಅದಕ್ಕೂ ನನ್ನ ಹೆಸರೇ ಅಂಟಿಸಲು ನೋಡಿದರು. ನಾನು ಬಿಡಲಿಲ್ಲ. ಅಂಟಿಸಲು ಆಧಾರ ಬೇಕಲ್ಲ.

ಹೀಗೆ ಹೆಸರು ಅಂಟಿದ ಪದ ಮರೆಯುತ್ತಿರಲಿಲ್ಲ. ಹೊಸಬರು ಬಂದರೆ ಸಾಹೇಬರ ಅರ್ಥ ಕ್ಲಾಸಿನಲ್ಲಿ, ನಮ್ಮ ಅರ್ಥ ಕ್ಯಾಂಟೀನಿನಲ್ಲಿ. ನಮ್ಮದೇ ಮೇಲು ಅಂತ ನಮಗೆ ಹೆಮ್ಮೆ.

ಹೆಸರು ಅಂಟದ ಪದವೂ ಇತ್ತು. ಇನರ್ಟ್. ಯಾರಿಗೂ ಅದರಿಂದ ಏನೂ ಆಗಿರಲಿಲ್ಲ. ಹಾಳೆಯಲ್ಲಿದ್ದ ಅರ್ಥ, ಯಾವುದರ ಜೊತೆಗೂ ಸೇರಿ ಕ್ರಿಯೆ ನಡೆಸದಂಥದ್ದು ಅಂತ. ಕನ್ನಡದಲ್ಲಿ ಜಡ ಅಂತ ಸಾಹೇಬರು ಒಂದು ಮಾತು ಹೇಳಿದ್ದರು. ಬೇರೆ ಪದಗಳು ಸುಡುತ್ತವೆ, ತಿನ್ನುತ್ತವೆ, ಹೊತ್ತಿಕೊಳ್ಳುತ್ತವೆ. ಇದೊಂದು ಸುಮ್ಮನೆ ಕೂತಿರುವ ಪದ. ಪರೀಕ್ಷೆಯಲ್ಲಿ ಇನರ್ಟ್ ಬಂದರೆ ಸಾಕು ಅಂತ ಎಲ್ಲರೂ ಆಸೆಪಡುತ್ತಿದ್ದರು, ಅಷ್ಟು ಸುಲಭ.

ಈಗ ಆ ದಿನದ ವಿಷಯ.

ಮುನಿರಾಜು ತ್ಯಾಮಗೊಂಡ್ಲು ಕಡೆಯ ಹಳ್ಳಿಯವನು. ಪಿಯುಸಿ ಫೇಲಾಗಿದ್ದ, ಅದನ್ನು ತಾನೇ ಹೇಳಿಕೊಂಡು ನಗುತ್ತಿದ್ದ. ಕೆಲಸದಲ್ಲಿ ಅಚ್ಚುಕಟ್ಟು. ಸೋಮಾರಿಯಲ್ಲ, ಹುಂಬನಲ್ಲ, ಕುಡಿಯುವವನಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ಫ್ಯಾಕ್ಟರಿಯಲ್ಲಿ ಯಾರಿಗಾದರೂ ಏನಾದರೂ ಆದರೆ ಮೊದಲು ಏಳುವ ಮಾತು ಅವನೇ ಸರಿಯಿರಲಿಲ್ಲ ಅಂತ. ಅವನು ಸರಿಯಾಗಿದ್ದ.

ಆವತ್ತು ಬೆಳಗಿನ ಶಿಫ್ಟು. ಬಿಸಿಲು ಚೆನ್ನಾಗಿತ್ತು, ಮೊದಲ ಮಹಡಿಯ ಕಿಟಕಿಯಿಂದ ಶಿವಗಂಗೆ ಬೆಟ್ಟ ಸ್ಪಷ್ಟವಾಗಿ ಕಾಣುತ್ತಿತ್ತು. ಮುನಿರಾಜುವಿನ ರಿಯಾಕ್ಟರನ್ನು ತೊಳೆದು ಆಗಿತ್ತು. ತೊಳೆಯಲು ಬಳಸುವ ದ್ರಾವಣದ ಆವಿ ಬೆಂಕಿಗೆ ಬೇಗ ಸಿಕ್ಕುತ್ತದೆ. ಆ ಆವಿಯನ್ನು ಓಡಿಸಲು ಟ್ಯಾಂಕಿನೊಳಗೆ ನೈಟ್ರೋಜನ್ ಬಿಡುತ್ತಾರೆ. ಬಿಟ್ಟ ಮೇಲೆ ಟ್ಯಾಂಕಿಗೆ ಒಂದು ಹಲಗೆ ನೇತುಹಾಕುತ್ತಾರೆ, ಇನರ್ಟ್ ಅಂತ. ಬೆಂಕಿಯ ಭಯವಿಲ್ಲ ಅಂತ ಅದರ ತಾತ್ಪರ್ಯ.

ಟ್ಯಾಂಕಿನ ಮೇಲೆ ಮನುಷ್ಯ ಇಳಿಯುವಷ್ಟು ಅಗಲದ ಬಾಯಿ ಇರುತ್ತದೆ, ಮ್ಯಾನ್‌ಹೋಲ್ ಅನ್ನುತ್ತಾರೆ. ಅದರ ಮುಚ್ಚಳ ತೆಗೆಯುವಾಗ ಸಂದಿಗೆ ಕೂರಿಸಿರುವ ರಬ್ಬರಿನ ಗ್ಯಾಸ್ಕೆಟ್ಟಿನ ತುಂಡೊಂದು ಹರಿದು ಒಳಗೆ ಬಿತ್ತು. ಅದು ಒಳಗೇ ಉಳಿದರೆ ಮುಂದಿನ ಬ್ಯಾಚಿಗೆ ಸೇರುತ್ತದೆ. ಒಳಗೆ ಇಳಿಯಬೇಕಾದರೆ ಪರ್ಮಿಟ್ ಬರೆಸಬೇಕು, ಮೀಟರ್ ಇಟ್ಟು ಗಾಳಿ ಪರೀಕ್ಷೆ ಮಾಡಿಸಬೇಕು, ಸೊಂಟಕ್ಕೆ ಹಗ್ಗ ಕಟ್ಟಿ ಮೇಲೊಬ್ಬ ನಿಲ್ಲಬೇಕು. ನಿಯಮ ಆಗಲೂ ಇತ್ತು. ಅಂಗೈಯಷ್ಟು ರಬ್ಬರಿಗೆ ಅಷ್ಟೆಲ್ಲ ಯಾಕೆ ಅನ್ನುವ ಅಭ್ಯಾಸವೂ ಇತ್ತು.

ನಾನು ನನ್ನ ಟ್ಯಾಂಕಿನ ಹತ್ತಿರ ಇದ್ದೆ. ಇಲಿಯಾಸ್ ಅವನ ಪಕ್ಕದಲ್ಲೇ ಇದ್ದ. ಮಾತು ನನಗೂ ಕೇಳಿಸುತ್ತಿತ್ತು.

"ಪರ್ಮಿಟ್ ತರ್ಲೇನ್ಲಾ?" ಅಂದ ಇಲಿಯಾಸ್.

"ಯಾಕ್ಲಾ? ಆವಿ ಎಲ್ಲಾ ಹೋಗಿದೆ. ಬೋರ್ಡ್ ನೋಡು, ಇನರ್ಟ್. ಏನೂ ಮಾಡಲ್ಲ ಅದು. ಕಡ್ಡಿ ಗೀರಿದ್ರೂ ಹತ್ತಲ್ಲ. ಹಿಂಗೋಗಿ ಹಂಗ್ ಬರ್ತೀನಿ."

ಹಗ್ಗದ ಏಣಿಯನ್ನು ಒಳಗೆ ಇಳಿಬಿಟ್ಟು ಇಳಿದ. ತಲೆ ಮ್ಯಾನ್‌ಹೋಲಿನಿಂದ ಕೆಳಗೆ ಹೋದದ್ದನ್ನು ನಾನು ನೋಡಿದೆ. ಒಂದು ಮಾತು ಬರಲಿಲ್ಲ, ಒಂದು ಕೆಮ್ಮು ಬರಲಿಲ್ಲ. ಮೂಟೆ ಬಿದ್ದ ಹಾಗೆ ಸದ್ದಾಯಿತು.

ಇಲಿಯಾಸ್ ಬಗ್ಗಿ ನೋಡಿದ. ಹೆಲ್ಮೆಟ್ ಬಿಸಾಕಿ ಒಂದು ಕಾಲು ಒಳಗೆ ಇಟ್ಟೇಬಿಟ್ಟಿದ್ದ. ನಾನು ಓಡಿಹೋಗಿ ಅವನ ಸೊಂಟ ಹಿಡಿದುಕೊಂಡೆ.

"ಬಿಡಣ್ಣಾ. ಇಲ್ಲೇ ಕಾಣ್ತಾ ಇದಾನೆ. ಕೈ ಎಟುಕುತ್ತೆ."

"ಇಳೀಬೇಡ ಕಣೋ."

"ಬಿಡಣ್ಣಾ ನಿನ್ ಕೈ ಮುಗೀತೀನಿ. ಉಸ್ರು ಹೋಗ್ತದೆ ಅವನ್ದು."

ಅವನು ನನಗಿಂತ ಚಿಕ್ಕವನು, ಗಟ್ಟಿಮುಟ್ಟಾದವನು. ಮೊಣಕೈಯಿಂದ ನನ್ನ ಮುಖಕ್ಕೆ ಗುದ್ದಿದ, ತುಟಿ ಒಡೆಯಿತು. ಬಿಡಲಿಲ್ಲ. ಮಾತಿಲ್ಲದೆ ಬಿದ್ದವನ ಹಿಂದೆ ಇನ್ನೊಬ್ಬ ಇಳಿಯಬಾರದು ಅನ್ನುವುದೊಂದು ನನಗೆ ಗೊತ್ತಿತ್ತು. ಎಲ್ಲಿಂದ ಗೊತ್ತಿತ್ತು ಅಂತ ಆ ಹೊತ್ತಿಗೆ ಹೊಳೆಯಲಿಲ್ಲ. ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು, ಮುಖಕ್ಕೆ ಮಾಸ್ಕ್ ಹಾಕಿಕೊಂಡ ಇಬ್ಬರು ಬಂದು ಇಳಿದು ಮುನಿರಾಜುವನ್ನು ಎತ್ತಿದರು. ಮುಖದಲ್ಲಿ ನೋವಿನ ಗುರುತೇ ಇರಲಿಲ್ಲ. ಕೈಯಲ್ಲಿ ರಬ್ಬರಿನ ತುಂಡೂ ಇರಲಿಲ್ಲ. ಅದು ಬಿದ್ದಿದ್ದ ಜಾಗವನ್ನು ಅವನು ತಲುಪಿರಲೇ ಇಲ್ಲ.

ಇಲಿಯಾಸ್ ಆಮೇಲೆ ಬಹಳ ಕಾಲ ನನ್ನ ಜೊತೆ ಮಾತಾಡಲಿಲ್ಲ. ಬಸ್ಸಿನಲ್ಲಿ ಜಾಗ ಬದಲಾಯಿಸಿದ. ಒಂದು ದಿನ ಕ್ಯಾಂಟೀನಿನ ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಾ, ನನ್ನ ಕಡೆ ನೋಡದೆ, "ಬಿಟ್ಟಿದ್ರೆ ಎತ್ತಿರ್ತಿದ್ದೆ" ಅಂದ. ನನ್ನ ಹತ್ತಿರ ಉತ್ತರ ಇತ್ತು, ಆದರೆ ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ.

ವಿಚಾರಣೆ ನಡೆಯಿತು. ಹಳೇ ಸಾಹೇಬರು ಬೇರೆ ಕಡೆಗೆ ಹೋದರು. ಹಾಳೆಗೆ ಹೊಸ ಪದಗಳು ಸೇರಿದವು, ಉಸಿರುಕಟ್ಟುವುದಕ್ಕೆ ಒಂದು, ಇಕ್ಕಟ್ಟಿನ ಜಾಗಕ್ಕೆ ಒಂದು. ಅವೂ ಇಂಗ್ಲಿಷಿನಲ್ಲೇ, ಇನ್ನೂ ಉದ್ದ. ನಾಲಿಗೆ ಹೊರಳದ ಪದವನ್ನು ಹೇಳಿಸಲು ಮತ್ತೆ ಸಾಲಾಗಿ ನಿಲ್ಲಿಸಿದರು. ಒಂದು ವಿಚಿತ್ರ ನಡೆಯಿತು, ಅದನ್ನೂ ಬರೆಯಬೇಕು. ಕ್ಯಾಂಟೀನಿನಲ್ಲಿ ಇನರ್ಟ್ ಅನ್ನುವ ಪದಕ್ಕೆ ಯಾರೂ ಹೆಸರು ಅಂಟಿಸಲಿಲ್ಲ. ಆ ಪದ ಬಂದರೆ ಎಲ್ಲರೂ ತಟ್ಟೆ ನೋಡುತ್ತಿದ್ದರು.

ಸೇಫ್ಟಿ ಆಫೀಸರಾಗಿ ಸುಮಾ ಮೇಡಂ ಅಂತ ಬಂದರು. ಎಂಜಿನಿಯರಿಂಗ್ ಓದಿದವರು, ವಯಸ್ಸು ಚಿಕ್ಕದು. ಆಪರೇಟರುಗಳಲ್ಲಿ ಒಬ್ಬರು ಹೊಸಬರಿಗೆ ಪಾಠ ಹೇಳಬೇಕು ಅಂತ ಅವರು ಕೇಳಿದಾಗ ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಹಾಳೆ ನನಗೆ ಬಾಯಿಗೆ ಬರುತ್ತಿತ್ತಲ್ಲ. ನಾನೂ ಒಪ್ಪಿಕೊಂಡೆ. ಮುಂದೆ ನಿಂತು ಪಾಠ ಹೇಳುವ ಕೆಲಸ ಏಳನೇ ಕ್ಲಾಸಿನವನಿಗೆ ಸಿಕ್ಕಿತು ಅಂತ ಒಳಗೆ ಸಂತೋಷವೂ ಆಯಿತು.

ಮೊದಲ ಬ್ಯಾಚಿನಲ್ಲಿ ಹುಡುಗ ಹುಡುಗಿಯರು ಸೇರಿ ಒಂದು ಕೋಣೆ ತುಂಬ ಇದ್ದರು. ಹಿಂದಿನ ಸಾಲಿನಲ್ಲಿ ಅವರಿಗಿಂತ ದೊಡ್ಡ ವಯಸ್ಸಿನ ಒಬ್ಬ ಹೆಣ್ಣುಮಗಳು ಕೂತಿದ್ದಳು. ಹೊಸ ಶೂ ಹಾಕಿ, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು. ಮುಖ ಎತ್ತಿದಾಗ ಗುರುತು ಸಿಕ್ಕಿತು. ಮುನಿರಾಜುವಿನ ಹೆಂಡತಿ ಪುಟ್ಟಲಕ್ಷ್ಮಿ. ಗಂಡನ ಬದಲಿಗೆ ಅವಳಿಗೆ ಪ್ಯಾಕಿಂಗಿನಲ್ಲಿ ಕೆಲಸ ಕೊಟ್ಟಿದ್ದರು. ನನಗೆ ಮುಂಚೆ ಯಾರೂ ತಿಳಿಸಿರಲಿಲ್ಲ.

ಪಾಠ ಶುರುಮಾಡಿದೆ. ಒಂದೊಂದೇ ಪದ ಹೇಳಿಕೊಂಡು ಬಂದೆ. ಇನರ್ಟ್ ಬಂದಾಗ ಅದನ್ನು ದಾಟಿಸಿ ಮುಂದಿನದಕ್ಕೆ ಹೋದೆ. ಪಕ್ಕದಲ್ಲಿ ಕೂತಿದ್ದ ಸುಮಾ ಮೇಡಂ ಹಾಳೆ ನೋಡಿದರು, ನನ್ನನ್ನು ನೋಡಿದರು.

ಹಿಂದಿನ ಸಾಲಿನಿಂದ ಪುಟ್ಟಲಕ್ಷ್ಮಿ ಎದ್ದು ನಿಂತಳು.

"ಅಣ್ಣಾ, ಒಂದು ಪದ ಬಿಟ್ರಿ."

ನಾನು ಮುಂದಿನ ಪದಕ್ಕೆ ಬೆರಳಿಟ್ಟೆ.

"ನೀವು ಹೇಳ್ದಿದ್ರೆ ನಾನು ಹೇಳ್ತೀನಿ" ಅಂದು ಇನರ್ಟ್ ಪದದ ಅರ್ಥವನ್ನು ಇಂಗ್ಲಿಷಿನಲ್ಲಿ ಪೂರ್ತಿ ಹೇಳಿದಳು. ಒಂದು ಅಕ್ಷರ ಬಿಡಲಿಲ್ಲ. ಹಳೇ ಸಾಹೇಬರು ಉಸಿರು ತೆಗೆದುಕೊಳ್ಳುತ್ತಿದ್ದ ಜಾಗದಲ್ಲೇ ಉಸಿರು ತೆಗೆದುಕೊಂಡಳು. ಆಮೇಲೆ ಅಂದಳು, "ಇದನ್ನ ಮನೇಲಿ ಅವರಿಗೆ ನಾನೇ ಹೇಳಿಸ್ತಿದ್ದೆ. ಹಾಳೆ ನಾನು ಹಿಡ್ಕೊಳ್ಳೋದು, ಅವರು ಒಪ್ಸೋದು. ತಪ್ಪಾದ್ರೆ ಮತ್ತೆ ಮೊದ್ಲಿಂದ. ನನ್ಗೂ ಬಾಯಿಗೆ ಬಂದೋಯ್ತು. ಇದ್ರಲ್ಲಿ ಪ್ರಾಣ ಹೋಗುತ್ತೆ ಅಂತ ಎಲ್ಲಿದೆ ಅಣ್ಣಾ? ಆಗಿಂದ ಹುಡುಕ್ತಾನೇ ಇದೀನಿ, ಸಿಕ್ತಿಲ್ಲ."

ಮೇಡಂ ಎದ್ದು ಹಾಳೆಯನ್ನು ಇನ್ನೊಂದು ಸಾರಿ ಓದಿದರು. ಆ ಹಾಳೆಯ ಅರ್ಥ ತಪ್ಪಾಗಿರಲಿಲ್ಲ. ಅದೇ ತೊಂದರೆ. ನೈಟ್ರೋಜನ್ ನಿಜವಾಗಲೂ ಯಾವುದರ ಜೊತೆಗೂ ಸೇರುವುದಿಲ್ಲ, ಸುಡುವುದಿಲ್ಲ, ವಾಸನೆಯಿಲ್ಲ. ಅದು ಮನುಷ್ಯನಿಗೆ ಏನು ಮಾಡುತ್ತದೆ ಅನ್ನುವುದನ್ನು ಹಾಳೆ ಹೇಳುವುದಿಲ್ಲ, ಯಾಕೆಂದರೆ ಹಾಳೆಯಲ್ಲಿ ಮನುಷ್ಯನೇ ಇಲ್ಲ.

ಆಗ ನನಗೆ ಹೊಳೆಯಿತು, ಇಲಿಯಾಸನ ಸೊಂಟ ಹಿಡಿಯುವ ಬುದ್ಧಿ ಎಲ್ಲಿಂದ ಬಂತು ಅಂತ.

"ಕೂತ್ಕೊಳಮ್ಮಾ. ಒಂದ್ ಮಾತ್ ಕೇಳ್ತೀನಿ" ಅಂದೆ. "ನಿಮ್ಮೂರಲ್ಲಿ ಬಾವಿಗಳಿದ್ವಾ?"

"ಇದ್ವು. ಎಲ್ಲಾ ಬತ್ತೋಗವೆ."

"ಬಹಳ ದಿನ ಮುಚ್ಚಿಟ್ಟ ಬಾವಿಗೆ ಹೂಳೆತ್ತಕ್ಕೆ ಇಳಿಯೋ ಮುಂಚೆ ಏನ್ ಮಾಡೋರು?"

"ಲಾಟೀನು ಹಚ್ಚಿ ಹಗ್ಗದಲ್ಲಿ ಕಟ್ಟಿ ಇಳಿಸೋರು."

"ಯಾಕೆ?"

"ದೀಪ ಆರೋದ್ರೆ ಯಾರೂ ಇಳಿಯಂಗಿಲ್ಲ. ಒಳಗೆ ಗಾಳಿ ಇರಲ್ಲ. ಇಳಿದವರು ಅಲ್ಲೇ..." ಅಲ್ಲಿಗೆ ನಿಲ್ಲಿಸಿದಳು. ಕೈಯಲ್ಲಿದ್ದ ಹೆಲ್ಮೆಟ್ಟನ್ನು ಪಕ್ಕಕ್ಕೆ ಇಟ್ಟಳು. ಮೆಲ್ಲಗೆ ಅಂದಳು, "ನಮ್ಮ ಮಾವನೋರೇ ಇಳಿಸೋರು ಲಾಟೀನ. ಇವರು ಹಗ್ಗ ಹಿಡ್ಕೋತಿದ್ರು. ಇವರಿಗೆ ಗೊತ್ತಿತ್ತು ಅಣ್ಣಾ."

ಗೊತ್ತಿತ್ತು. ನಮ್ಮ ಕಡೆಯ ಯಾವ ಹಳ್ಳಿಯವನಿಗೆ ಅದು ಗೊತ್ತಿಲ್ಲ? ಮುನಿರಾಜುವಿಗೆ ಬಾವಿಯೂ ಗೊತ್ತಿತ್ತು, ಪದವೂ ಗೊತ್ತಿತ್ತು. ಒಂದು ಕನ್ನಡದಲ್ಲಿತ್ತು, ಇನ್ನೊಂದು ಇಂಗ್ಲಿಷಿನಲ್ಲಿತ್ತು. ಎರಡೂ ಒಂದೇ ತಲೆಯೊಳಗೆ ಇದ್ದವು, ಒಂದಕ್ಕೊಂದು ಎದುರಾಗಲೇ ಇಲ್ಲ. ಎದುರಾಗುವ ಹಾಗೆ ಯಾರೂ ಮಾಡಲಿಲ್ಲ. ಹೊಳೆಯುವ ಸ್ಟೀಲಿನ ಟ್ಯಾಂಕು, ಇಂಗ್ಲಿಷ್ ಬೋರ್ಡು. ಅದನ್ನು ಬಾವಿ ಅಂತ ಅಂದುಕೊಳ್ಳಲು ಅವನಿಗೆ ದಾರಿಯೇ ಇರಲಿಲ್ಲ.

ಸುಮಾ ಮೇಡಂ ಆವತ್ತು ಒಳ್ಳೆಯ ಕೆಲಸ ಮಾಡಿದರು. ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟು ಕನ್ನಡದಲ್ಲಿ ಶುರುಮಾಡಿದರು. ಬಾವಿಯೊಳಗಿನ ಗಾಳಿ ಬೇರೆ, ಟ್ಯಾಂಕಿನೊಳಗಿನದು ಬೇರೆ, ಆದರೆ ಉಸಿರಿಗೆ ಬೇಕಾದ್ದು ಎರಡರಲ್ಲೂ ಇಲ್ಲ ಅಂದರು. ಟ್ಯಾಂಕಿಗೆ ಯಾವ ಕಾರಣಕ್ಕೂ ದೀಪ ಇಳಿಸುವ ಹಾಗಿಲ್ಲ, ಎಲ್ಲಾದರೂ ಆವಿ ಉಳಿದಿದ್ದರೆ ಹೊತ್ತಿಕೊಳ್ಳುತ್ತದೆ, ಅದಕ್ಕೇ ಲಾಟೀನಿನ ಬದಲು ಮೀಟರ್ ಅಂದರು. ನೈಟ್ರೋಜನ್ ಪೈಪನ್ನು ಬಿಚ್ಚಿ ಬೇರೆ ಮಾಡದೆ, ಹೊರಗಿನ ಗಾಳಿ ಊದಿಸದೆ ಮೀಟರನ್ನೂ ನಂಬಬಾರದು ಅಂದರು. ಈ ಮಾತುಗಳು ನನಗೆ ಗೊತ್ತಿರಲಿಲ್ಲ. ನಾನು ಹೇಳಿದ ಬಾವಿಯಿಂದ ಅರ್ಧ ಕೆಲಸ, ಅವರ ಓದಿನಿಂದ ಇನ್ನರ್ಧ.

ಕ್ಲಾಸು ಮುಗಿದ ಮೇಲೆ ಮೇಡಂ ಪುಟ್ಟಲಕ್ಷ್ಮಿಯನ್ನು ಕೂರಿಸಿಕೊಂಡು ಕೇಳಿದರು. "ಇನ್ಮೇಲೆ ಈ ಪದ ಹೇಳ್ಕೊಡುವಾಗ ನಿಮ್ಮ ಯಜಮಾನ್ರ ಹೆಸರು ಹೇಳಬಹುದಾ? ನಿಮಗೆ ಬೇಡ ಅನ್ಸಿದ್ರೆ ಬೇಡ."

ನಮ್ಮ ಪದ್ಧತಿಯ ಪ್ರಕಾರ ಆ ಪದ ಅವನದೇ. ಹೆಸರು ಉಳಿಯಲಿ ಅಂತ ಅವಳು ಹೇಳಬಹುದು, ಇಲ್ಲ ಅಳಬಹುದು ಅಂದುಕೊಂಡಿದ್ದೆ.

"ಹೆಸರು ಬೇಡ ಮೇಡಂ" ಅಂದಳು. "ಅವರು ಮನೇಗ್ ಬಂದು ಹೇಳೋರು, ಈ ಪದ ಅಂದ್ರೆ ಶಿವಣ್ಣ, ಆ ಪದ ಅಂದ್ರೆ ಇಲಿಯಾಸು ಅಂತ. ನಗೋರು. ಶಿವಣ್ಣಂಗ್ ಆಗಿದ್ದು ಶಿವಣ್ಣಂಗೆ ಅಲ್ವಾ, ನನಗಲ್ಲವಲ್ಲ ಅಂತ. ಇವರ ಹೆಸರು ಹೇಳಿದ್ರೆ ಮುಂದ್ ಬರೋ ಹುಡುಗ್ರೂ ಅಂಗೇ ಅಂದ್ಕೋತಾರೆ. ನಿನಗೆ ಏನಾಗುತ್ತೆ ಹೇಳು ಅಂತ ಕೇಳಿ. ಅವರವರ ಬಾಯಲ್ಲೇ ಹೇಳಿಸಿ."

ನಾನು ಅಲ್ಲೇ ನಿಂತಿದ್ದೆ. ನಮ್ಮ ಕ್ಯಾಂಟೀನಿನ ಪದ್ಧತಿಯ ಬಗ್ಗೆ ನನಗೆ ಎಷ್ಟು ಹೆಮ್ಮೆಯಿತ್ತು ಅಂತ ಮೇಲೆ ಬರೆದಿದ್ದೇನೆ. ಪದ ನೆನಪಿರುವಂತೆ ಅದು ಮಾಡುತ್ತಿತ್ತು, ನಿಜ. ಅಪಾಯವನ್ನು ಇನ್ನೊಬ್ಬನ ಹೆಗಲಿಗೆ ದಾಟಿಸಿಬಿಡುತ್ತಿತ್ತು ಅನ್ನುವುದನ್ನು ಅವಳು ಹೇಳುವವರೆಗೂ ನಮ್ಮಲ್ಲಿ ಯಾರೂ ಕಂಡಿರಲಿಲ್ಲ.

ಮೇಡಂ ಅದನ್ನೇ ನಿಯಮ ಮಾಡಿಸಿದರು. ಸುಲಭವಾಗಿ ಆಗಲಿಲ್ಲ. ಆಡಿಟ್ಟಿಗೆ ಇಂಗ್ಲಿಷ್ ಬೇಕು ಅಂತ ಮೇಲಿನವರು ಹಟ ಹಿಡಿದರು. "ಇಂಗ್ಲಿಷ್ ಆಡಿಟ್ಟಿಗಿರಲಿ ಸರ್, ಟ್ಯಾಂಕಿಗೆ ಇಳಿಯೋದು ಇವರು" ಅಂತ ಮೇಡಂ ಮೀಟಿಂಗಿನಲ್ಲಿ ಅಂದರಂತೆ. ಪದಗಳನ್ನು ಬಿಡಲಿಲ್ಲ, ಬಿಡಲೂ ಬಾರದು. ಬೋರ್ಡುಗಳು ಇಂಗ್ಲಿಷಿನಲ್ಲೇ ಇರುತ್ತವೆ, ಡ್ರಮ್ಮುಗಳ ಮೇಲೂ ಇಂಗ್ಲಿಷೇ. ಬದಲಾದದ್ದು ಅರ್ಥ ಹೇಳುವ ಜಾಗ. ಕ್ಲಾಸಿನಲ್ಲಿ ಅಲ್ಲ, ಮ್ಯಾನ್‌ಹೋಲಿನ ಪಕ್ಕದಲ್ಲಿ. ಇಳಿಯುವವನು ಬೋರ್ಡಿನ ಪದ ಓದಬೇಕು, ಆಮೇಲೆ ಅದು ತನಗೆ ಏನು ಮಾಡುತ್ತದೆ ಅಂತ ತನ್ನ ಭಾಷೆಯಲ್ಲಿ, ನಾನು, ನನಗೆ ಅಂತಲೇ ಹೇಳಬೇಕು. ಹೇಳದೆ ಪರ್ಮಿಟ್ಟಿಗೆ ಸಹಿ ಇಲ್ಲ.

ಮುಂದಿನ ಆಡಿಟ್ಟಿನಲ್ಲಿ ಬಂದವರು ಒಬ್ಬ ಹುಡುಗನನ್ನು ಇನರ್ಟ್ ಅಂದರೇನು ಅಂತ ಕೇಳಿದರು. ಅವನು ಬಾವಿ, ಲಾಟೀನು ಅಂತ ಶುರುಮಾಡಿದ. ಮೇಡಂ ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ಬಂದವರು ಉದ್ದಕ್ಕೆ ಏನೋ ಬರೆದುಕೊಂಡರು. ಏನು ಬರೆದರು ಅಂತ ನಮಗೆ ಯಾರೂ ತೋರಿಸಲಿಲ್ಲ. ಕೆಲಸ ಮಾತ್ರ ನಿಲ್ಲಲಿಲ್ಲ.

ಒಬ್ಬನು ಈ ಹೊಸ ಪದ್ಧತಿಯಿಂದ ತಪ್ಪಿಸಿಕೊಂಡೇ ಓಡಾಡುತ್ತಿದ್ದ. ಇಲಿಯಾಸ್. ಟ್ಯಾಂಕಿಗೆ ಇಳಿಯುವ ಕೆಲಸ ಬಂದರೆ ಬೇರೆಯವರ ಜೊತೆ ಪಾಳಿ ಬದಲಾಯಿಸಿಕೊಳ್ಳುತ್ತಿದ್ದ. ಭಯವಲ್ಲ. ಆ ಪದವನ್ನು ಬಾಯಲ್ಲಿ ಹೇಳಲು ಅವನಿಗೆ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ತಪ್ಪಿಸಿಕೊಳ್ಳಲು ಆಗಲಿಲ್ಲ. ಅವನ ರಿಯಾಕ್ಟರಿನ ಒಳಗೆ ತಿರುಗಿ ಕಲಸುವ ರೆಕ್ಕೆಯ ಬೋಲ್ಟು ಸಡಿಲವಾಗಿತ್ತು, ಮೇಲೆ ಹಗ್ಗ ಹಿಡಿಯುವ ಪಾಳಿ ನನ್ನದು. ಪೈಪು ಬಿಚ್ಚಿ ಗಾಳಿ ಊದಿಸುತ್ತಿದ್ದರು. ಶಿಫ್ಟ್ ಇನ್‌ಚಾರ್ಜು ಗಡಿಯಾರ ನೋಡುತ್ತಾ ನಿಂತಿದ್ದ.

"ಏನಪ್ಪಾ ಇಲಿಯಾಸು, ಬೇಗ ಬೇಗ. ನಿನಗೆ ಗೊತ್ತಿಲ್ದೇ ಇರೋದೇನಿದೆ ಇದರಲ್ಲಿ? ನೀನು ಹೇಳ್ದೆ ಅಂತ ಬರ್ದ್ ಹಾಕ್ಬಿಡ್ತೀನಿ."

"ಹಾಕ್ಬೇಡಿ ಸಾರ್" ಅಂದ ಇಲಿಯಾಸ್. "ಹೇಳ್ತೀನಿ."

ಸೊಂಟದ ಹಗ್ಗವನ್ನು ಎರಡು ಸಾರಿ ಎಳೆದು ನೋಡಿಕೊಂಡ. ಬೋರ್ಡಿನ ಮೇಲೆ ಕೈಯಿಟ್ಟ.

"ಇನರ್ಟ್. ಇದು ನನ್ನನ್ನ ಸುಡಲ್ಲ. ವಾಸನೆ ಬರಲ್ಲ, ಕೆಮ್ಮು ಬರಲ್ಲ, ಹುಷಾರು ಅಂತ ಹೇಳಲ್ಲ. ನಾನು ಇಳಿದ್ರೆ ಒಂದೆರಡು ಉಸಿರಲ್ಲಿ ಬಿದ್ದೋಗ್ತೀನಿ. ಕೂಗಕ್ಕೂ ಆಗಲ್ಲ." ಅಲ್ಲಿಗೆ ಸಾಕಾಗಿತ್ತು. ಇನ್‌ಚಾರ್ಜು ಪೆನ್ನು ತೆಗೆದ. ಇಲಿಯಾಸ್ ನಿಲ್ಲಿಸಲಿಲ್ಲ. ಆ ಘಟನೆಯಾದ ಮೇಲೆ ಮೊದಲ ಸಾರಿ ನನ್ನ ಮುಖ ನೋಡಿ ಮಾತಾಡಿದ.

"ನಾನು ಬಿದ್ರೆ ಹನುಮಂತಣ್ಣ ಹಗ್ಗ ಎಳೀಬೇಕು. ಹಗ್ಗ ಸಿಕ್ಕಾಕೊಂಡ್ರೆ ಮಾಸ್ಕಿನೋರನ್ನ ಕರೀಬೇಕು. ಅವರು ಬರೋವರ್ಗೂ ಅಣ್ಣ ಇಳೀಬಾರ್ದು. ಇಳಿಯಕ್ಕೆ ಹೋದ್ರೆ ಪಕ್ಕದಲ್ಲಿ ಇರೋರು ಅಣ್ಣನ್ನ ಹಿಡ್ಕೋಬೇಕು. ಹೊಡೆದ್ರೂ ಬಿಡಬಾರ್ದು."

ಮೀಟರನ್ನು ದಾರದಲ್ಲಿ ಇಳಿಸಿದರು. ಅದು ಕೂಗಿಕೊಂಡಿತು. ಒಳಗೆ ಗಾಳಿ ಇನ್ನೂ ಸಾಲದು.

ಇನ್‌ಚಾರ್ಜು ಪೆನ್ನನ್ನು ಜೇಬಿಗೆ ಹಾಕಿಕೊಂಡ. ಗಾಳಿ ಊದುವ ಮಿಷನ್ನನ್ನು ಮತ್ತೆ ಹಾಕಿದರು. ಇಲಿಯಾಸ್ ಹಗ್ಗ ಬಿಚ್ಚದೆ ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತ. ಇಬ್ಬರೂ ಗೋಡೆಗೆ ಒರಗಿಕೊಂಡು, ಅವನ ಸೊಂಟದ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿ ಇಟ್ಟುಕೊಂಡೇ, ಕಾಯುತ್ತಾ ಕೂತೆವು.